ಕೊಂಬೊ ಫಾಕಿಯ ಚಪ್ಪಲಿ ಬುಟ್ಟಿ

ಪೆಂಬಾ ದ್ವೀಪದ ದೋಣಿ ಕ್ಯಾಪ್ಟನ್ ಕೊಂಬೊ ಫಾಕಿ ಚಪ್ಪಲಿ ಎಣಿಸಲು ಕೂತರೆ ಹಿಂದೂ ಮಹಾಸಾಗರವೇ ಉಸಿರು ಬಿಗಿಹಿಡಿಯುತ್ತದೆಂದು ಪ್ರತೀತಿ. ಹವಳದ ದಿಬ್ಬ, ಶಾರ್ಕು, ಮುಳುಗಿದ ಹಡಗುಗಳನ್ನು ನೀರಿಗಿಳಿದು ನೋಡಲು ಬರುವ ಘಟಾನುಘಟಿಗಳೆಲ್ಲ ದೋಣಿ ಹತ್ತುವಾಗ ಚಪ್ಪಲಿಯನ್ನು ಅವನ ಬುಟ್ಟಿಗೆ ಹಾಕಲೇಬೇಕು. ಮುಖಗಳನ್ನು ಅವನು ನಂಬುವುದಿಲ್ಲ; “ಆ ರಬ್ಬರ್ ಬಟ್ಟೆ ಹಾಕ್ಕೊಂಡ್ರೆ ಎಲ್ರೂ ಬದನೆಕಾಯಿಗಳೇ” ಎನ್ನುತ್ತಾನೆ. ನೀರಿಗಿಳಿದವರೆಲ್ಲ ಮೇಲೆ ಬಂದು ಚಪ್ಪಲಿ ಮೆಟ್ಟುವ ತನಕ ದೋಣಿ ದಡದತ್ತ ಮುಖ ಮಾಡದು. ಮೊನ್ನೆ ಕೆಂಪು ಜೊತೆಯೊಂದು ಉಳಿಯಿತು. ಸೆಳೆತ ಜೋರಾಗಿತ್ತು, ಪ್ರವಾಸಿಗರು ಗೊಣಗುತ್ತಿದ್ದರು. “ಇನ್ನೊಂದು ದೋಣಿ ಹತ್ತಿರ್ತಾನೆ, ಹೊರಡೋಣ ಬಾವ” ಎಂದ, ಎಂಜಿನ್ ನೋಡಿಕೊಳ್ಳುವ ಭಾಮೈದ. “ಚಪ್ಪಲಿ ಇಲ್ಲೇ ಬಿಟ್ಟು ಹೋಗ್ತಾನಾ, ಪೆದ್ದಾ?” ಎಂದು ಗದರಿದ ಕೊಂಬೊ ಒಂದು ಗಂಟೆ ಅಲೆಗಳನ್ನು ಜಾಲಾಡಿ, ಎಲ್ಲೋ ತೇಲುತ್ತಿದ್ದ ಜರ್ಮನಿಯವನನ್ನು ಮೂಟೆಯಂತೆ ಮೇಲೆಳೆದುಕೊಂಡ. ಕೆಂಪು ಚಪ್ಪಲಿ ಎತ್ತಿಕೊಳ್ಳುವಾಗ ಜರ್ಮನಿಯವನಿಗೆ ಬುಟ್ಟಿಯ ತಳದಲ್ಲಿ ಸವೆದ ಇನ್ನೊಂದು ಜೊತೆ ಕಂಡಿತು. ಅದು ಶಾರ್ಕು ನುಂಗಿದವನದೆಂದು ಪ್ರವಾಸಿಗರು ಪಿಸುಗುಟ್ಟುತ್ತಿದ್ದುದನ್ನು ಅವನೂ ಕೇಳಿದ್ದ. “ಕ್ಯಾಪ್ಟನ್, ಪಾಪ, ಅದು ಯಾರದು?” ಎಂದು ಕೇಳಿದ. “ನಂದು,” ಎಂದ ಕೊಂಬೊ, “ನಾನೂ ಮನೆಗೆ ಹೋಗ್ಬೇಕಲ್ಲ.”