ನೀರು ಕುಡಿದ ಕಲ್ಲು

ಟಣ್. ಟಣ್. ಟಪ್.

ಮೂರನೆಯ ಸದ್ದಿಗೆ ಅವನ ಕೈ ನಿಂತಿತು. ಅದೇ ಕಲ್ಲನ್ನು ಮರದ ಕೊಡತಿಯಿಂದ ಮತ್ತೊಮ್ಮೆ ಮೆಲ್ಲಗೆ ತಟ್ಟಿದ. ಮತ್ತೆ ಟಪ್, ಖಾಲಿ ಡಬ್ಬಿಗೆ ಬೆರಳು ಬಡಿದ ಹಾಗೆ. ಸೀಮೆಸುಣ್ಣ ತೆಗೆದು ಅದರ ಮೇಲೆ ಕತ್ತರಿ ಗುರುತು ಎಳೆದ. ಬ್ಯಾಂಕಿನ ಏಳನೆಯ ಮಹಡಿಯ ಹೊರಗೆ, ಹಗ್ಗಕ್ಕೆ ತೂಗುಬಿದ್ದ ಹಲಗೆಯ ಮೇಲೆ ಕೂತು ಬೆಳಗಿನಿಂದ ಅವನು ಮಾಡುತ್ತಿದ್ದುದು ಇಷ್ಟೇ: ತಟ್ಟುವುದು, ಕಿವಿಗೊಡುವುದು, ಗುರುತು ಹಾಕುವುದು. ಬೀದಿಯವರು ಅವನನ್ನು ಕಲ್ಲಿನ ಡಾಕ್ಟರು ಎನ್ನುತ್ತಿದ್ದರು.

ಊರಿನ ಮೊದಲ ಎತ್ತರದ ಕಟ್ಟಡ ಅದು. ಕಟ್ಟಿದ ಹೊಸದರಲ್ಲಿ, ಗಾಳಿ ಜೋರಾದರೆ ಬಿದ್ದೇ ಹೋಗುತ್ತದೆಂದು ಜನ ಆ ರಸ್ತೆಯಲ್ಲಿ ಓಡಾಡುವುದನ್ನೇ ಬಿಟ್ಟಿದ್ದರಂತೆ. ಅವರ ಭಯ ಬಿಡಿಸಲು ಬ್ಯಾಂಕಿನ ಯಜಮಾನ ತನ್ನ ಮೇಜು ಕುರ್ಚಿಗಳನ್ನು ತುತ್ತತುದಿಯ ಮಹಡಿಗೆ ಸಾಗಿಸಿ, ಎಲ್ಲರಿಗೂ ಕಾಣುವಂತೆ ಕಿಟಕಿಯ ಬಳಿಯೇ ಕೂತು ಊಟ ಮಾಡುತ್ತಿದ್ದನಂತೆ. ಕಟ್ಟಡವನ್ನು ಹೊತ್ತು ನಿಂತದ್ದು ಒಳಗಿನ ಉಕ್ಕಿನ ಚೌಕಟ್ಟು. ಆದರೆ ಉಕ್ಕಿನ ಕಡ್ಡಿಗಳನ್ನು ನಂಬಿ ದುಡ್ಡು ಇಡುವವರು ಯಾರು? ಕೋಟೆಯ ಹಾಗೆ ಕಾಣಲೆಂದು ಅದಕ್ಕೆ ಮೈತುಂಬ ಕಲ್ಲು ತೊಡಿಸಿದರು. ಬಾಗಿಲ ಎರಡೂ ಕಡೆಯ ದಪ್ಪ ಕಂಬಗಳು ಏನನ್ನೂ ಹೊರುತ್ತಿರಲಿಲ್ಲ. ಒಂದೊಂದು ಚಪ್ಪಡಿಯೂ ಕಬ್ಬಿಣದ ಕೊಕ್ಕೆಯಿಂದ ಉಕ್ಕಿಗೆ ತಗುಲಿಕೊಂಡಿತ್ತು.

ಹಾಗೆ ಕಲ್ಲು ತೊಡಿಸಿದವರಲ್ಲಿ ಅವನ ಅಪ್ಪನೂ ಒಬ್ಬ. ಕೊಕ್ಕೆ ತುಕ್ಕು ಹಿಡಿದರೆ ಕಲ್ಲಿನ ಬೆನ್ನಿಗೆ ಸಂದು ಬೀಳುತ್ತದೆ. ಅದನ್ನು ಸದ್ದಿನಲ್ಲೇ ಹಿಡಿಯುವುದನ್ನು ಮಗನಿಗೆ ಕಲಿಸಿದವನೂ ಅಪ್ಪನೇ. ಮಳೆ ಬಿದ್ದ ಮೇಲೆ ಗೋಡೆ ಪೂರ್ತಿ ಒಣಗುವವರೆಗೆ ಅಪ್ಪ ಕೊಡತಿ ಮುಟ್ಟುತ್ತಿರಲಿಲ್ಲ. ಬೆನ್ನ ಹಿಂದಿನ ಸುಣ್ಣದ ಪುಡಿ ನೀರು ಕುಡಿದು ಸಂದನ್ನು ತುಂಬಿಕೊಂಡರೆ, ಟೊಳ್ಳು ಕಲ್ಲೂ ಗಟ್ಟಿ ಕಲ್ಲಿನ ಹಾಗೆ ಟಣ್ ಎನ್ನುತ್ತದೆ.

ಹೋದ ವರ್ಷ ಅವನು ಗೋಡೆ ತಟ್ಟಬೇಕಿದ್ದ ಬೇಸಿಗೆಯಲ್ಲೇ ಬ್ಯಾಂಕಿನವರಿಗೆ ಏನೋ ಸಮಾರಂಭವಿತ್ತು. ಮುಂಬಾಗಿಲ ಮೇಲೆ ಹಗ್ಗ ನೇತಾಡಬಾರದೆಂದರು. ಅದು ಮುಗಿಯುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಮಳೆ ನಿಂತ ಮರುದಿನವೇ ಮುಗಿಸಿಕೊಡು ಎಂದು ಅವಸರ ಮಾಡಿದರು. ಅವನು ಹಲಗೆ ಏರಿದ. ಎಲ್ಲ ಕಲ್ಲೂ ಟಣ್ ಎಂದವು. ಗಟ್ಟಿಯಿದೆ ಎಂದು ಹೇಳಿ ಇಳಿದ.

ಬಾಗಿಲು ಕಾಯುತ್ತಿದ್ದವನು ಅವನ ತಂಗಿಯ ಗಂಡ. ಹಲಗೆ ಇಳಿದಾಗಲೆಲ್ಲ, ‘ಏನ್ ಭಾವ, ನಿಮ್ಮ ರೋಗಿ ಉಳೀತಾನಾ?’ ಎಂದು ಕಾಲೆಳೆಯುತ್ತಿದ್ದ. ‘ನಿನ್ನನ್ನ ಕಳಿಸಿಕೊಟ್ಟೇ ಅವನು ಹೋಗೋದು’ ಎಂದು ಇವನು, ಗಟ್ಟಿಯಿದೆ ಎಂದು ಇಳಿದ ಆ ದಿನವೂ ಹೇಳಿದ್ದ. ಬಿಸಿಲು ಬಲಿತ ಮೇಲೆ ಒಂದು ಮಧ್ಯಾಹ್ನ, ಯಾರಿಗೋ ಬಾಗಿಲು ತೆರೆದು ಹಿಡಿದು ನಿಂತಿದ್ದವನ ಮೇಲೆ ಚಪ್ಪಡಿ ಕಳಚಿ ಬಿತ್ತು. ಗಾಳಿಯ ಹೊಡೆತ ಎಂದರು ಬ್ಯಾಂಕಿನವರು. ಇವನನ್ನು ಯಾರೂ ಏನೂ ಕೇಳಲಿಲ್ಲ. ಇವನೂ ಬಾಯಿ ಬಿಡಲಿಲ್ಲ.

ಈಗ ಅದೇ ಬಾಗಿಲು ತೆರೆಯುವುದು ತಂಗಿ. ಗಂಡನ ಕೆಲಸವನ್ನೂ ಮೆಟ್ಟಿಲ ಹಿಂದಿನ ಕೋಣೆಯನ್ನೂ ಅವಳಿಗೆ ಉಳಿಸಿಕೊಟ್ಟಿದ್ದರು. ಆ ಕೋಣೆ ಬಿಟ್ಟರೆ ಅವಳಿಗೂ ಅವಳ ಪುಟ್ಟ ಮಗಳಿಗೂ ಕಾಲೂರಲು ಬೇರೆ ಜಾಗವಿರಲಿಲ್ಲ. ಅಣ್ಣನಿದ್ದದ್ದೂ ಬೇರೆಯವರ ಜೊತೆ ಹಂಚಿಕೊಂಡ ಕೋಣೆಯಲ್ಲಿ. ಟೊಳ್ಳು ಕಲ್ಲು ಕೆಲವೇ ಇದ್ದರೆ ರಿಪೇರಿ, ಹೆಚ್ಚಿದ್ದರೆ ಕಟ್ಟಡವನ್ನೇ ಕೆಡವುವುದು ಎಂದು ಬ್ಯಾಂಕಿನವರು ತೀರ್ಮಾನಿಸಿದ್ದರು. ಮೇಲಿನ ಮಹಡಿಗಳನ್ನು ಮುಗಿಸಿಬಂದಿದ್ದ ಅವನಿಗೆ ಉತ್ತರ ಆಗಲೇ ಗೊತ್ತಿತ್ತು: ಕೆಡವುವುದೇ.

ಮಧ್ಯಾಹ್ನ ಕೆಳಗಿಳಿದಾಗ ತಂಗಿ ಊಟದ ಡಬ್ಬಿ ತಂದಳು. ರಸ್ತೆಯ ಆಚೆಬದಿಯ ಕಟ್ಟೆಯ ಮೇಲೆ ಇಬ್ಬರೂ ಕೂತರು. ಅವಳ ಗಂಡ ಹೋದಂದಿನಿಂದ ಅವನು ಯಾರನ್ನೂ ಗೋಡೆಯ ಪಕ್ಕ ಕೂರಲು ಬಿಟ್ಟಿರಲಿಲ್ಲ.

‘ಇಲ್ಲಿಂದ ನೋಡಿದ್ರೆ ಗೋಡೆಗೆ ಸಿಡುಬು ಎದ್ದಿರೋ ಹಾಗಿದೆ’ ಎಂದಳು. ಅವನು ಅನ್ನ ಕಲಸಿದ.

‘ಹೋದ ವರ್ಷ ಎಲ್ಲಾ ಗಟ್ಟಿ ಅಂದಿದ್ಯಲ್ಲ. ಒಂದೇ ವರ್ಷಕ್ಕೆ ಇಷ್ಟೊಂದು ಹಾಳಾಗುತ್ತಾ ಅಣ್ಣ?’

ಅವನು ಕೈಯ ತುತ್ತನ್ನು ಡಬ್ಬಿಗೆ ಮರಳಿ ಹಾಕಿದ. ‘ಆಗ ಗೋಡೆ ಒದ್ದೆಯಾಗಿತ್ತು’ ಎಂದ.

‘ಒದ್ದೆಯಾದ್ರೆ ಏನು?’

‘ಟೊಳ್ಳೂ ಗಟ್ಟಿ ಅಂತ ಕೇಳಿಸುತ್ತೆ. ಗೊತ್ತಿದ್ದೂ ಹತ್ತಿದೆ.’

ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಬಯ್ಯುತ್ತಾಳೆಂದು ಕಾದ. ಅಳುತ್ತಾಳೆಂದು ಕಾದ. ಅವಳು ಎದುರಿನ ಗೋಡೆಯನ್ನೇ ನೋಡುತ್ತ, ಬಹಳ ಮೆಲ್ಲಗೆ ಹೇಳಿದಳು:

‘ಹಾಗಾದ್ರೆ ಆ ಗುರುತೆಲ್ಲ ಒರೆಸಿಬಿಡು. ಈ ವರ್ಷವೂ ಮಳೆ ಆದ್ಮೇಲೆ ತಟ್ಟು.’

‘ಆ ಬಾಗಿಲಲ್ಲಿ ನಿಲ್ಲೋಳು ನೀನೇ ಕಣೆ.’

‘ನಿಲ್ತೀನಿ. ಅವರು ನಿಂತಿರಲಿಲ್ವಾ? ಬಿದ್ರೆ ಬೀಳಲಿ. ಬೀದಿಗೆ ಬಿದ್ದ ಮೇಲೆ ನನ್ನ ಮಗಳನ್ನ ಎಲ್ಲಿ ಮಲಗಿಸಲಿ, ಅದು ಹೇಳು. ನೀನು ಮಾಡಿದ್ದನ್ನ ನಾನು ಯಾರಿಗೂ ಹೇಳಲ್ಲ. ಒಂದು ಸಲ ಗಟ್ಟಿ ಅಂದವನು ನೀನೇ ಅಲ್ವಾ, ಇನ್ನೊಂದು ಸಲ ಅನ್ನೋಕೆ ಏನು ಕಷ್ಟ...’

ಅವನು ಎದ್ದ. ಡಬ್ಬಿಯಲ್ಲಿ ಅರ್ಧ ಊಟ ಹಾಗೇ ಇತ್ತು. ಜೇಬಿನಲ್ಲಿದ್ದ ಸೀಮೆಸುಣ್ಣ ಸವೆದು ಉಗುರಿನಷ್ಟಾಗಿತ್ತು. ಅದನ್ನು ಎಸೆದು ಚೀಲದಿಂದ ಹೊಸದೊಂದನ್ನು ತೆಗೆದುಕೊಂಡ.

‘ಅಣ್ಣ, ನಾನಿನ್ನೂ ಮಾತಾಡ್ತಾ ಇದ್ದೀನಿ. ಕೂತ್ಕೋ. ಕೆಳಗಿನ ಮಹಡಿಗಳನ್ನಾದ್ರೂ...’

ಅವಳ ಮಾತು ಮುಗಿಯುವ ಮೊದಲೇ ಅವನು ರಸ್ತೆ ದಾಟಿದ್ದ. ಯಾರನ್ನೂ ಕೂರಗೊಡದಿದ್ದ ಆ ಗೋಡೆಯ ಬುಡದಲ್ಲೇ, ತಾನು ಗುರುತು ಹಾಕಿದ ಕಲ್ಲುಗಳ ಕೆಳಗೇ, ತಲೆ ಎತ್ತದೆ ಹಲಗೆಯ ಕಡೆಗೆ ನಡೆದ.