ಹೆಬ್ಬೆರಳಗಲದ ಹಸಿರು

ಭಾನುವಾರ, ಬೆಳಗಿನ ಐದೂಮುಕ್ಕಾಲು. ಯಶವಂತನಗರದ ಬಸ್ ಸ್ಟಾಪಿನ ಎದುರಿನ ಮೋರಿಕಟ್ಟೆಯ ಮೇಲೆ ಸುಧಾರಾಣಿ ಕುಳಿತಿದ್ದಾಳೆ. ಕುಳಿತಿದ್ದಾಳೆ ಎಂದರೆ ಸುಳ್ಳಾದೀತು. ಕುಳಿತು ಏಳುತ್ತಿದ್ದಾಳೆ, ಎದ್ದು ಕೂರುತ್ತಿದ್ದಾಳೆ. ಒಂದು ಪೆನ್ಸಿಲ್ ಕಿವಿಯ ಸಂದಿಯಲ್ಲಿ, ಇನ್ನೊಂದು ಹಲ್ಲಿನ ನಡುವೆ. ಸ್ಟಾಪಿನ ಬಾದಾಮಿ ಮರವನ್ನು ನಾಲ್ಕೇ ಗೆರೆಯಲ್ಲಿ ಹಿಡಿಯುತ್ತಾಳೆ, ಊಹೂಂ ಎಂದು ತಲೆಯಾಡಿಸುತ್ತಾಳೆ, ಹಾಳೆ ತಿರುವುತ್ತಾಳೆ. ಮೊದಲ ಅದಿರು ಲಾರಿ ಬರಲು ಇನ್ನು ಕಾಲು ಗಂಟೆ. ಆಮೇಲೆ ಕೆಂಪು ಧೂಳೆದ್ದು ಮರವೇ ಕಾಣುವುದಿಲ್ಲ.

"ಒಂದ ಕಡೆ ಕುಂತ್ರ ನನ್ನ ಕೈ ಓಡಂಗಿಲ್ರಿ. ನಿನ್ನ ಅಂಗಾಲಿಗೆ ಇರುವಿ ಕಚ್ಯಾವೇನ ಅಂತ ನಮ್ಮವ್ವ ದಿನಾ ಬೈತಾಳ" ಎನ್ನುತ್ತಾಳೆ, ಪೆನ್ಸಿಲನ್ನು ಹಲ್ಲಿನಿಂದ ಬಿಡಿಸದೆಯೇ.

ವಯಸ್ಸು ಇಪ್ಪತ್ತೈದು. ಮಕ್ಕಳ ಪುಸ್ತಕಗಳಿಗೆ ಮನೆಯಲ್ಲೇ ಕುಳಿತು ಚಿತ್ರ ಬರೆಯುವುದು ಅವಳ ಕಸುಬು. ಆರು ವರ್ಷದಲ್ಲಿ ಹನ್ನೊಂದು ಪುಸ್ತಕ ಬಂದಿವೆ. ಅವುಗಳಲ್ಲಿ ಅವಳ ಹೆಸರು ಹುಡುಕಬೇಕೆಂದರೆ ಭೂತಗನ್ನಡಿ ಬೇಕು. ಎಲ್ಲೋ ಕೊನೆಯ ಪುಟದಲ್ಲಿ, ಮುದ್ರಕರ ವಿಳಾಸದ ಕೆಳಗೆ. ಹನ್ನೆರಡನೆಯದರಲ್ಲಿ ಮಾತ್ರ ಹೆಸರು ಮುಖಪುಟಕ್ಕೇ ಬರಬೇಕು. ಗಣಿಯೂರಿನ ಹುಡುಗಿಯೊಬ್ಬಳು ಶಾಲೆಯ ಬಸ್ಸಿಗೆ ಕಾಯುವ ಕಥೆ, ಹದಿನಾರು ಚಿತ್ರ. ಹೆಸರು ಬರುತ್ತದೋ ಇಲ್ಲವೋ ಎನ್ನುವುದು ಈಗ ಒಂದು ಮರದ ಎಲೆಯ ಮೇಲೆ ನಿಂತಿದೆ.

ಆದದ್ದಿಷ್ಟು. ಶುಕ್ರವಾರ ಬೆಂಗಳೂರಿನಿಂದ ಪುಸ್ತಕದ ಸಂಪಾದಕಿ ಶೈಲಜಾ ಫೋನ್ ಮಾಡಿದ್ದರು. "ಎಲ್ಲಾ ತುಂಬಾ ಚೆನ್ನಾಗಿದೆ ಸುಧಾರಾಣಿ. ಎಲೆ ಯಾಕೆ ಕೆಂಪು ಮಾಡಿದೀರಿ? ಮಕ್ಕಳಿಗೆ ಗೊಂದಲ ಆಗತ್ತೆ. ಹಸಿರು ಮಾಡಿಬಿಡಿ. ಮಂಗಳವಾರ ಪ್ರೆಸ್ಸಿಗೆ ಹೋಗಬೇಕು, ಸೋಮವಾರ ಸಿಗದಿದ್ದರೆ ಬೇರೆಯವರ ಹತ್ತಿರ ಬಣ್ಣ ಹಾಕಿಸಬೇಕಾಗತ್ತೆ." ಬೇರೆಯವರು ಬಣ್ಣ ಹಾಕಿದರೆ ಮುಖಪುಟದ ಹೆಸರೂ ಅವರದೇ. ಪಾಪ, ಶೈಲಜಾ ಕೆಟ್ಟವರೇನಲ್ಲ. ಅವರ ಕಿಟಕಿಯಾಚೆ ಎಲೆ ಹಸಿರಾಗಿಯೇ ಇರುತ್ತದೆ.

ಈ ಮಾತು ಸುಧಾರಾಣಿಗೆ ಹೊಸದಲ್ಲ. ಐದನೆಯ ಇಯತ್ತೆಯಲ್ಲಿ 'ನನ್ನ ಊರು' ಎಂಬ ಚಿತ್ರಸ್ಪರ್ಧೆಗೆ ಇದೇ ಮರವನ್ನು ಇಟ್ಟಿಗೆ ಬಣ್ಣದಲ್ಲಿ ಬರೆದಿದ್ದಳು. ಜಂಬಯ್ಯ ಮೇಷ್ಟ್ರು 'ಎಲೆಯ ಬಣ್ಣ ಹಸಿರು' ಎಂದು ಪಕ್ಕದಲ್ಲಿ ಬರೆದು, ಕೆಳಗೊಂದು ದುಂಡನೆಯ ಸೊನ್ನೆ ಸುತ್ತಿ ಕೊಟ್ಟಿದ್ದರು. "ಮಳಿ ಬಂದ ನಾಕ ದಿನ ಹಸರು ಇರ್ತೈತ್ರಿ. ಉಳಿದಂಗ ನಾ ಕಂಡಿದ್ದ ಕೆಂಪ. ಕಂಡಿದ್ದು ಬರದ್ರೂ ಸೊನ್ನೀನಾ ಅಂತ ಭಾಳ ಅತ್ತೀನಿ" ಎನ್ನುತ್ತಾಳೆ. ಆ ಹಾಳೆ ಇವತ್ತಿಗೂ ಟ್ರಂಕಿನಲ್ಲಿದೆ.

ಅವಳ ಕೆಂಪು ಅಂಗಡಿಯದಲ್ಲ. ಅಪ್ಪ ಮಾರೆಪ್ಪ ಗಣಿರಸ್ತೆಗೆ ನೀರು ಹೊಡೆಯುವ ಟ್ಯಾಂಕರಿನ ಚಾಲಕ. ಅವನು ಕೆಲಸದಿಂದ ಬಂದೊಡನೆ ಮಗಳು ಅಂಗಿ ಕಸಿದುಕೊಂಡು ಹಳೆಯ ಪೇಪರಿನ ಮೇಲೆ ಝಾಡಿಸುತ್ತಾಳೆ. ಉದುರಿದ ಕೆಂಪು ಧೂಳನ್ನು ಅವ್ವನ ಹಳೆ ಸೀರೆಯ ತುಂಡಿನಲ್ಲಿ ಸೋಸಿ, ಅಂಟು ಕಲಸಿ, ಮುಚ್ಚಳದಲ್ಲಿ ತೇಯುತ್ತಾಳೆ. ಒಂದು ಅಂಗಿಗೆ ಎರಡು ಚಿತ್ರದ ಬಣ್ಣ. "ನಾ ದಿನಕ್ಕ ಎಂಟು ಟ್ಯಾಂಕರ್ ನೀರು ಹೊಡದು ಧೂಳು ಕುಂದ್ರಸ್ತೀನಿ. ಈಕಿ ಅದನ್ನ ತಂದು ಹಾಳಿ ಮ್ಯಾಲೆ ಕುಂದ್ರಸ್ತಾಳ" ಎಂದು ಮಾರೆಪ್ಪ ನಗುತ್ತಾನೆ. ನಗುವಿನಲ್ಲಿ ಹೆಮ್ಮೆ ಬಚ್ಚಿಟ್ಟುಕೊಳ್ಳಲು ಅವನಿಗೆ ಬರುವುದಿಲ್ಲ.

ಶನಿವಾರ ಅವಳು ಹಸಿರು ಹುಡುಕಿಕೊಂಡು ಹೊರಟಳು. ಸಂಡೂರಿಗೊಂದು ಬಸ್ಸು, ಹೊಸಪೇಟೆಗೊಂದು, ಹಂಪಿಗೊಂದು. ಪ್ರವಾಸಿಗರೆಲ್ಲ ಕಲ್ಲಿನ ಕಡೆ ನಡೆದರೆ ಇವಳು ಬಾಳೆತೋಟದ ಬದುವಿನ ಮೇಲೆ ನಡೆದಳು. ಎಳೆ ಎಲೆಯದೊಂದು ಹಸಿರು, ಬಿಸಿಲು ತೂರಿ ಬಂದಾಗ ಇನ್ನೊಂದು. ಒಂಬತ್ತು ಬಗೆ ಗುರುತು ಮಾಡಿಕೊಂಡು ಮನೆಗೆ ಬಂದವಳೇ ಹೊಸ ಹಾಳೆಯಲ್ಲಿ ಮರಕ್ಕೆ ಹಸಿರು ಬಳಿದಳು. ಚಿತ್ರ ಚೆಂದವೇ ಆಗಿತ್ತು. ಹಾಳಾದ್ದು, ಮನಸ್ಸಿಗೆ ಮಾತ್ರ ಹಿಡಿಸಲಿಲ್ಲ. ಅದಕ್ಕೇ ಇವತ್ತು ಕೋಳಿ ಕೂಗುವ ಮೊದಲೇ ಎದ್ದು ಮರದ ಮುಂದೆ ಬಂದು ಕೂತಿದ್ದಾಳೆ.

ಅಷ್ಟರಲ್ಲಿ ದುರ್ಗಕ್ಕ ತನ್ನ ಮಂಡಕ್ಕಿ ಒಗ್ಗರಣಿ-ಮಿರ್ಚಿ ಬಂಡಿ ತಳ್ಳಿಕೊಂಡು ಬರುತ್ತಾಳೆ. ಇಪ್ಪತ್ತು ವರ್ಷದಿಂದ ಇದೇ ಮರದ ಬುಡ ಅವಳ ಅಂಗಡಿ. ಸುಧಾರಾಣಿ ರಸ್ತೆ ದಾಟಿ ಮರದ ಬುಡಕ್ಕೆ ಬಂದು ಹಸಿರು ಚಿತ್ರ ಚಾಚುತ್ತಾಳೆ.

"ಚೆಂದ ಐತಿ ಬಿಡವ್ವಾ. ಯಾವ ಊರಿದು, ಕಂಪ್ಲಿ ಕಡೀದೇನು?"

ಸುಧಾರಾಣಿ ಕೆಂಪು ಚಿತ್ರ ಮುಂದಿಡುತ್ತಾಳೆ.

"ಅಯ್ಯ ಇವಳ! ಇದು ನಮ್ಮ ಸ್ಟಾಪ್ ಅಲ್ಲೇನಲೇ? ನನ್ನ ಬಂಡೀನ ಬಿಟ್ಟೀಯಲ್ಲ!" ದುರ್ಗಕ್ಕ ಸೌಟು ಹಿಡಿದೇ ಜಗಳಕ್ಕೆ ನಿಲ್ಲುತ್ತಾಳೆ. ಸುಧಾರಾಣಿ ನಗುತ್ತಾ ಬಂಡಿಯ ಗೆರೆ ಎಳೆಯುತ್ತಾಳೆ. ಎಳೆಯುತ್ತಲೇ, ಗೊತ್ತಿಲ್ಲದೆ ಎಡಗೈ ಮೇಲೆ ಹೋಗಿ ಬಾಗಿದ ಕೊಂಬೆಯ ಎಲೆಯೊಂದನ್ನು ಹೆಬ್ಬೆರಳಿನಿಂದ ಒರೆಸುತ್ತದೆ.

"ಆ ಚಾಳಿ ಇನ್ನೂ ಬಿಟ್ಟಿಲ್ಲ ನೋಡು" ಎನ್ನುತ್ತಾಳೆ ದುರ್ಗಕ್ಕ. "ಸಾಲಿ ಬಸ್ಸಿಗೆ ಕಾಯೂ ಮುಂದ ದಿನಾ ಹಿಂಗ ಒಂದ ಎಲಿ ಒರಸ್ತಿದ್ದಿ."

ಸುಧಾರಾಣಿ ಎಲೆ ನೋಡುತ್ತಾಳೆ. ಕೆಂಪಿನ ನಡುವೆ ಹೆಬ್ಬೆರಳಗಲದ ಒಂದು ಹಸಿರು ಗೆರೆ. ದುರ್ಗಕ್ಕನ ಬಿಸಿ ಮಿರ್ಚಿಗೂ ಕಾಯದೆ ಅವಳು ಮನೆಗೆ ಓಡುತ್ತಾಳೆ. ಹಿಂದಿನಿಂದ ದುರ್ಗಕ್ಕ ಕೂಗುವುದು ಅವಳ ಕಿವಿಗೆ ಬೀಳುವುದಿಲ್ಲ.

ಸೋಮವಾರ ಬೆಳಿಗ್ಗೆ ಹೊಸಪೇಟೆಯ ಸ್ಕ್ಯಾನಿಂಗ್ ಅಂಗಡಿಯಿಂದ ಒಂದು ಚಿತ್ರ ಬೆಂಗಳೂರಿಗೆ ಹೋಗುತ್ತದೆ. ಮರವೆಲ್ಲ ಕೆಂಪು. ಬುಡದಲ್ಲಿ ಮಿರ್ಚಿ ಬಂಡಿ. ಬಸ್ಸಿಗೆ ಕಾಯುವ ಹುಡುಗಿ ತುದಿಗಾಲಲ್ಲಿ ನಿಂತು ಎಲೆಯೊಂದನ್ನು ಒರೆಸುತ್ತಿದ್ದಾಳೆ, ಒರೆಸಿದಷ್ಟು ಜಾಗ ಹಸಿರು. ಕಳಿಸಿದ ಮೇಲೆ ಸುಧಾರಾಣಿ ಅಂಗಡಿಯಿಂದ ಬಸ್ ಸ್ಟ್ಯಾಂಡಿಗೆ, ಬಸ್ ಸ್ಟ್ಯಾಂಡಿನಿಂದ ಅಂಗಡಿಗೆ ಏಳು ಸಲ ಓಡಾಡುತ್ತಾಳೆ. ಜೀವ ಕೈಯಲ್ಲಿ ಹಿಡಿದುಕೊಂಡು ನಡೆಯುವುದೆಂದರೆ ಇದೇ ಇರಬೇಕು. ಹನ್ನೊಂದೂವರೆಗೆ ಫೋನ್ ಬರುತ್ತದೆ.

"ನಾನು ನಿಮ್ಮ ಕಡೆ ಬಂದೇ ಇಲ್ಲ ಸುಧಾರಾಣಿ. ಅದು ಧೂಳು ಅಂತ ನನಗೆ ಹೊಳೀಲೇ ಇಲ್ಲ" ಎನ್ನುತ್ತಾರೆ ಶೈಲಜಾ. "ಇದನ್ನ ನಿಮ್ಮ ಹೆಸರಿನ ಜೊತೆ ಮುಖಪುಟಕ್ಕೆ ಹಾಕೋಣ. ಒಳಗಿನ ಎಲೆ ಎಲ್ಲಾ ಕೆಂಪಾಗೇ ಇರಲಿ."

ಅಷ್ಟು ಹೊತ್ತು ಓಡಾಡಿದವಳು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಾಳೆ. ಕಣ್ಣು ಒರೆಸಿಕೊಂಡ ಹೆಬ್ಬೆರಳಿನಿಂದ ಕೆನ್ನೆಗೆಲ್ಲ ಕೆಂಪು. ಪುಸ್ತಕ ಬಂದ ಮೇಲೆ ಏನು ಮಾಡುತ್ತೀ ಎಂದರೆ ಉತ್ತರ ತಯಾರಾಗಿಯೇ ಇದೆ.

"ಜಂಬಯ್ಯ ಮೇಷ್ಟ್ರು ರಿಟೈರ್ ಆಗಿ ಸಂಡೂರಾಗ ಅದಾರ್ರಿ. ಮೊದಲನೇ ಪುಸ್ತಕ ಅವರಿಗೆ ಕೊಡಬೇಕು. ಬೈಯ್ಯಾಕಲ್ಲ ಮತ್ತ. ಆ ಹಳೀ ಹಾಳೀನೂ ಜೋಡಿ ಇಟ್ಟು, ಸರ್, ಇನ್ನೊಮ್ಮೆ ಮಾರ್ಕ್ಸ್ ಹಾಕ್ರಿ ಅಂತ ಕೇಳಾಕ."