ಸಮಾಧಾನ ಕೊಟ್ಟ್ಯಾ?

ನನಗೆ ಕೋಪ ಬಂದ ದಿನಗಳ ಲೆಕ್ಕ ನನ್ನ ಹತ್ತಿರ ಇದೆ. ಬೇರೆಯವರು ಇಂಥದನ್ನು ಮರೆಯಲು ನೋಡುತ್ತಾರೆ, ನಾನು ಬರೆದಿಡುತ್ತೇನೆ. ೧೯೫೮ರ ಜನವರಿ ಒಂದರಂದು ಹೊಸ ವರ್ಷದ ಆರಾಧನೆ ಮುಗಿಸಿ ಬಂದವನೇ ಡೈರಿಯ ಹಿಂದಿನ ಪುಟಗಳಿಗೆ ಗೆರೆ ಎಳೆದು ಒಂದು ಕೋಷ್ಟಕ ಮಾಡಿದೆ. ಮನಸ್ಸು ದೇವರಲ್ಲಿ ಸಮಾಧಾನವಾಗಿದ್ದ ದಿನಕ್ಕೆ ಒಂದು ಸೊನ್ನೆ, ಸಿಡಿಮಿಡಿಗೊಂಡ ದಿನಕ್ಕೆ ಒಂದು ಕತ್ತರಿ ಗುರುತು. ಈಸ್ಟರ್ ಹೊತ್ತಿಗೆ ಪುಟದ ತುಂಬ ಸೊನ್ನೆಗಳೇ ಇರಬೇಕೆಂಬುದು ನನ್ನ ಯೋಜನೆ. ಈ ಗಡುವನ್ನು ಪ್ರಾರ್ಥನೆಯಲ್ಲಿ ದೇವರಿಗೂ ತಿಳಿಸಿದ್ದೆ.

ಜನವರಿಯ ಒಟ್ಟು: ಕತ್ತರಿ ಇಪ್ಪತ್ತೇಳು, ಸೊನ್ನೆ ನಾಲ್ಕು. ಆ ನಾಲ್ಕರಲ್ಲಿ ಎರಡು ದಿನ ಜ್ವರ ಬಂದು ಮಲಗಿದ್ದೆ. ಒಂದು ದಿನ ಗಂಟಲು ಕಟ್ಟಿ ಯಾರನ್ನೂ ಬೈಯಲಾಗಲಿಲ್ಲ. ಇನ್ನೊಂದು ದಿನ ನಮ್ಮ ಬೀದಿಯವರೆಲ್ಲ ಮದುವೆಗೆಂದು ಹಿಂದೂಪುರಕ್ಕೆ ಹೋಗಿದ್ದರು. ಅಂದರೆ, ಸುತ್ತಮುತ್ತ ಯಾರೂ ಇಲ್ಲದಿದ್ದರೆ ಅಥವಾ ಮೈಯಲ್ಲಿ ತ್ರಾಣವಿಲ್ಲದಿದ್ದರೆ ನಾನು ಬಹಳ ಒಳ್ಳೆಯ ಕ್ರೈಸ್ತ.

ಕೋಷ್ಟಕದಲ್ಲಿ ‘ಕಾರಣ’ ಎಂದು ಬೇರೆಯೇ ಕಾಲಂ ಇತ್ತು. ನಾನು ಮಧುಗಿರಿಯವನು, ಹಿಂದಿನ ಜೂನ್‌ನಿಂದ ತೆಲುಗು ಸೀಮೆಗೆ ಅಂಟಿದ ಪಾವಗಡದಲ್ಲಿ ಮೇಷ್ಟ್ರು. ಆದ್ದರಿಂದ ಕಾರಣಗಳಿಗೆ ಕೊರತೆಯಿರಲಿಲ್ಲ. ಬಾರದ ಬಸ್ಸು. ಬಂದರೂ ನಿಲ್ಲದ ಬಸ್ಸು. ಮನೆ ಒಡತಿ ಸುಂದರಮ್ಮನವರ ಮೇಕೆ. ಅದಕ್ಕೆ ಸೊಪ್ಪಿಗಿಂತ ನನ್ನ ಒಗೆದ ಬಟ್ಟೆ ಇಷ್ಟ. ಎಲ್ಲಕ್ಕಿಂತ ಹೆಚ್ಚಾಗಿ ತರಗತಿಯ ತೆಲುಗು. ಇದು ಕನ್ನಡ ಶಾಲೆ, ಇಲ್ಲಿ ತೆಲುಗು ಆಡಿದವರು ಬೆಂಚಿನ ಮೇಲೆ ನಿಲ್ಲಬೇಕು ಎಂದು ನಿಯಮ ಮಾಡಿದ್ದೆ. ಆ ಭಾಷೆಯ ಒಂದು ಮಾತೂ ಕಿವಿಗೆ ಬೀಳದಂತೆ ನೋಡಿಕೊಂಡದ್ದು ನನ್ನ ಶಿಸ್ತು ಎಂದೇ ತಿಳಿದಿದ್ದೆ. ಅದರ ಫಲ ಮುಂದೆ ಉಂಡೆ.

ಒಂದು ಹೆಸರನ್ನು ಮಾತ್ರ ಆ ಕಾಲಂನಲ್ಲಿ ನಾನು ಬರೆಯುತ್ತಿರಲಿಲ್ಲ. ಅದು ನಮ್ಮಣ್ಣನದು.

ಅಣ್ಣ ಮಧುಗಿರಿಯಲ್ಲಿ ಕಾಂಪೌಂಡರ್. ಕ್ರಿಸ್‌ಮಸ್ ಊಟಕ್ಕೆ ನೆಂಟರೆಲ್ಲ ಅವನ ಮನೆಯಲ್ಲಿ ಸೇರಿದ್ದಾಗ, ಆ ವರ್ಷ ಒಂದು ದಿನವೂ ತಪ್ಪದೆ ಬೆಳಗಿನ ಪ್ರಾರ್ಥನೆ ಮಾಡಿದ್ದನ್ನು ನಾನು ವಿನಯದಿಂದಲೇ ಹೇಳುತ್ತಿದ್ದೆ. ಅಣ್ಣ ಸಾರು ಬಡಿಸುತ್ತಿದ್ದವನು ಸೌಟು ಹಿಡಿದುಕೊಂಡೇ ಹೇಳಿದ: “ನಮ್ ತಮ್ಮ ಪರಲೋಕಕ್ಕೋದ್ರೆ, ದೇವ್ರು ಎಷ್ಟೊತ್ಗೆ ಬಾಗ್ಲು ತೆಗ್ದ ಅಂತ ಇವ್ನೇ ಬರ್ಕಂತಾನೆ ಕಣ್ರಪ್ಪಾ.”

ಹನ್ನೊಂದು ಜನ ನಕ್ಕರು. ಅಯ್ಯನವರೂ ನಕ್ಕರು, ದೇವಾಲಯದಲ್ಲಿ ನಮಗೆ ಪ್ರಸಂಗ ಹೇಳುವ ಸಭಾಪಾಲಕರು ಅವರು. ನಾನು ಕಜ್ಜಾಯ ಮುಟ್ಟದೆ ಎದ್ದು ಬಸ್ ಹತ್ತಿದೆ.

ಜನವರಿ ಒಂಬತ್ತಕ್ಕೆ ಅವನ ಇನ್‌ಲ್ಯಾಂಡ್ ಕಾಗದ ಬಂತು. ಕ್ಷಮೆಯ ಮಾತು ಅದರಲ್ಲಿ ಒಂದೂ ಇರಲಿಲ್ಲ. ಪಾಪುವಿಗೆ ಆರು ವಾರವಾಯಿತು, ತೀರಿಹೋದ ಅಮ್ಮನ ಹೆಸರಿಡಬೇಕೆಂದಿದ್ದೇವೆ, ದೀಕ್ಷಾಸ್ನಾನಕ್ಕೆ ಮಗುವನ್ನು ನೀನೇ ಎತ್ತಿಕೊಳ್ಳಬೇಕು, ನೀನಿಲ್ಲದೆ ಮಾಡಿಸುವುದಿಲ್ಲ ಎಂದು ಬರೆದಿದ್ದ. ಕೊನೆಗೆ, “ಡೈರಿ ನೋಡಿ ಒಂದು ಭಾನುವಾರ ತಿಳಿಸು.”

ಡೈರಿ ನೋಡಿ! ನೀವೇ ಹೇಳಿ, ಇದು ಗಾಯದ ಮೇಲೆ ಮತ್ತೆ ಕೆರೆದ ಹಾಗಲ್ಲವೇ? ಟಪಾಲಿನವನು ಕಾಗದವನ್ನು ಸುಂದರಮ್ಮನವರ ಕೈಯಲ್ಲಿ ಕೊಟ್ಟುಹೋಗಿದ್ದರಿಂದ ಅವರ ಮುಂದೆಯೇ ಒಡೆದು, ಸಿಟ್ಟಿನಲ್ಲಿ ಪೂರ್ತಿ ಓದಿ ಹೇಳಿದೆ. ಅವರು ಹಿಂದೂಪುರದ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು, ವಿಧವೆ, ನಮ್ಮ ಮತದವರೇ. ಮನೆಮಾತು ತೆಲುಗು, ಕನ್ನಡ ಇಲ್ಲಿಗೆ ಬಂದಮೇಲೆ ಕಲಿತದ್ದು. ನನ್ನ ಪರ ಮಾತಾಡುತ್ತಾರೆಂದು ಕಾದೆ. ಎಲ್ಲ ಕೇಳಿ, “ಪಾಪ, ಆ ಬಿಡ್ಡ” ಎಂದರು. ಬಿಡ್ಡ ಎಂದರೆ ಕೂಸು ಎನ್ನುವಷ್ಟು ತೆಲುಗು ನನ್ನ ಶಿಸ್ತನ್ನೂ ಮೀರಿ ನನಗೆ ಬಂದಿತ್ತು.

ಮಾರನೆಯ ದಿನದಿಂದ ಶುರುವಾಯಿತು. ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಜಗಲಿಯಿಂದ ಪ್ರಶ್ನೆ: “ಸಮಾಧಾನ ಕೊಟ್ಟ್ಯಾ ನಾಯ್ನಾ?”

ನಾನು ದಿನವೂ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಸಮಾಧಾನಕ್ಕಾಗಿ ಪ್ರಾರ್ಥಿಸುವುದು ಗೋಡೆಯಾಚೆ ಅವರಿಗೆ ಕೇಳಿಸುತ್ತದೆ, ಅದಕ್ಕೇ ವಿಚಾರಿಸುತ್ತಾರೆ ಎಂದುಕೊಂಡೆ. ವ್ಯಾಕರಣ ಮಾತ್ರ ತಪ್ಪಾಗಿತ್ತು. “ಕೊಟ್ಟ್ಯಾ ಅಲ್ಲಮ್ಮ, ಸಿಕ್ತಾ ಅನ್ನಬೇಕು” ಎಂದು ಒಮ್ಮೆ ತಿದ್ದಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ, ಮಾರನೆಯ ದಿನ ಮತ್ತೆ ಕೊಟ್ಟ್ಯಾ ಎಂದೇ ಕೇಳಿದರು. ಅವರು ಕೇಳಿದಾಗಲೆಲ್ಲ ನನ್ನಲ್ಲಿ ಇದ್ದಬದ್ದ ಸಮಾಧಾನವೂ ಹೊರಟುಹೋಗುತ್ತಿತ್ತು. ‘ಕಾರಣ’ದ ಕಾಲಂನಲ್ಲಿ ಮೇಕೆಯ ಪಕ್ಕಕ್ಕೆ ಅದರ ಒಡತಿಯೂ ಸೇರಿದರು.

ಮಾರ್ಚ್ ಇಪ್ಪತ್ತರಂದು ಮೇಕೆ ನನ್ನ ಬಿಳಿ ಅಂಗಿಯ ಎಡತೋಳನ್ನು ಮೊಣಕೈವರೆಗೆ ತಿಂದುಹಾಕಿತ್ತು. ಉಳಿದ ಅಂಗಿ ಕೈಯಲ್ಲಿ ಹಿಡಿದು ನಿಂತಿದ್ದಾಗ ಸುಂದರಮ್ಮನವರು ಕೇಳಿದರು. ಅದು ನಲವತ್ತಮೂರನೆಯ ಸಲ.

“ಸಮಾಧಾನ ನಾನು ಕೊಡೋದಲ್ಲಮ್ಮ,” ಎಂದು ಗದರಿದೆ. “ದೇವರು ಕೊಡಬೇಕು. ಕೇಳಿ ಕೇಳಿ ನನಗೂ ಸಾಕಾಗಿದೆ.”

ಅವರಿಗೂ ರೇಗಿತು. “ಅದೇನಯ್ಯಾ ಮಾತು? ನಿಮ್ಮಣ್ಣ ಜಾಬು ಬರ್ದಿರೋದು ನಿಂಗೆ. ದೇವ್ರು ಯಾಕೆ ಸಮಾಧಾನ ಬರೀತಾನೆ?”

“ಜಾಬು ಅಂದ್ರೆ?”

“ಕಾಗ್ದ.”

“ಸಮಾಧಾನ ಅಂದ್ರೆ?”

“ಕಾಗ್ದ ಬಂದ್ರೆ ತಿರುಗಿ ಬರೀತಾರಲ್ಲಾ, ಅದು. ಮೇಷ್ಟ್ರಾಗಿ ಇಷ್ಟೂ ತಿಳೀದಾ? ಅಲ್ಲಿ ಕೂಸು ಹೆಸರಿಲ್ದೆ ಬಿದ್ದೈತೆ, ಇಲ್ಲಿ ನೀನು ದೇವ್ರ ತಲೆ ತಿಂತಾ ಕೂತಿದ್ದೀಯ.”

ಸಂಸ್ಕೃತದ ಅಂಗಡಿಯಿಂದ ಎರಡು ಮನೆಯವರು ಒಂದೇ ಪಾತ್ರೆ ತಂದು, ಒಬ್ಬರು ಅದರಲ್ಲಿ ಹಾಲು ಕಾಯಿಸಿದರು, ಇನ್ನೊಬ್ಬರು ನೀರು ತುಂಬಿದರು. ನಮಗೆ ಸಮಾಧಾನವೆಂದರೆ ಮನಸ್ಸಿನ ನೆಮ್ಮದಿ, ಅವರಿಗೆ ಉತ್ತರ. ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸದೆ ಅವರ ಮಾತಿಗೆ ಒಂದು ದಿನ ಕಿವಿಗೊಟ್ಟಿದ್ದರೆ ಜನವರಿಯಲ್ಲೇ ತಿಳಿಯುತ್ತಿತ್ತು. ನನಗೆ ನಾಚಿಕೆಗಿಂತ ರೇಗಿದ್ದೇ ಹೆಚ್ಚು. ತೊಂದರೆಯೆಂದರೆ, ಆ ಸಲ ‘ಕಾರಣ’ದ ಕಾಲಂನಲ್ಲಿ ನನ್ನ ಹೆಸರು ಬಿಟ್ಟು ಬೇರೆ ಹೆಸರು ಸಿಗಲಿಲ್ಲ.

ಅಂದೇ ಸಂಜೆ ಕಾರ್ಡು ಬರೆದೆ. “ಮಾರ್ಚ್ ಮೂವತ್ತು, ಗರಿಗಳ ಭಾನುವಾರ. ಬರುತ್ತೇನೆ.” ಎಪ್ಪತ್ತು ದಿನ ನನ್ನಿಂದಾಗದ ಕೆಲಸಕ್ಕೆ ಒಂದೂವರೆ ಸಾಲು ಸಾಕಾಯಿತು. ಆ ದಿನ ಪ್ರಾರ್ಥನೆ ನಾಲ್ಕೇ ನಿಮಿಷದಲ್ಲಿ ಮುಗಿಯಿತು. ಕೇಳುವುದು ಹೆಚ್ಚೇನೂ ಉಳಿದಿರಲಿಲ್ಲ.

ಮೂವತ್ತನೆಯ ತಾರೀಖು ಬಸ್ಸು ಮಿಡಿಗೇಶಿಯಲ್ಲಿ ಒಂದು ಸಲ, ಅದನ್ನು ದಾಟಿ ಇನ್ನೊಂದು ಸಲ ಕೆಟ್ಟು ನಿಂತಿತು. ಬೆವರಿಳಿಸಿಕೊಂಡು ಓಡಿ ದೇವಾಲಯ ಸೇರಿದಾಗ ಬಾಗಿಲಲ್ಲೇ ಅಣ್ಣ ಮಗುವಿನೊಡನೆ ನಿಂತಿದ್ದ. “ಎಷ್ಟೊತ್ಗೆ ಬಂದೆ ಬರ್ಕಳ್ಲಾ,” ಎಂದ. ಹತ್ತಿರವಿದ್ದ ನಾಲ್ವರು ನಕ್ಕರು. ಐದನೆಯವನು ನಾನು.

ಮಗು ನನ್ನ ತೋಳಿಗೆ ಬಂದದ್ದೇ ಆ ಭಾನುವಾರಕ್ಕೆಂದು ಎಲ್ಲರಿಗೂ ಕೊಟ್ಟಿದ್ದ ಈಚಲು ಗರಿಯಿಂದ ಅಯ್ಯನವರ ಕನ್ನಡಕ ಬೀಳಿಸಿತು. ಆಮೇಲೆ ನನ್ನ ಜೇಬಿನಿಂದ ಡೈರಿಯ ಮೂಲೆಯನ್ನು ಎಳೆದು ಬಾಯಿಗಿಟ್ಟುಕೊಂಡಿತು. ಅಯ್ಯನವರು ಅಮ್ಮನ ಹೆಸರು ಹೇಳಿ ತಲೆಗೆ ನೀರು ಹಾಕಿದಾಗಲೂ ಬಿಡಲಿಲ್ಲ.

ಹೊರಗೆ ಬಂದು ಅಣ್ಣನಿಗೆ ಹೇಳಿದೆ: “ಎಪ್ಪತ್ತು ದಿನ ಉತ್ತರ ಬರೀದೆ ಕಾಯಿಸ್ದೆ ಅಣ್ಣ.”

“ಎಪ್ಪತ್ತಾಯ್ತೇನ್ಲಾ?” ಅವನಿಗೆ ನಿಜವಾಗಿ ಆಶ್ಚರ್ಯ. “ನಾ ಎಣ್ಸಕ್ಕೋಗ್ಲಿಲ್ಲ ಕಣ್ಲಾ. ಬತ್ತೀಯ ಅಂತ ಗೊತ್ತಿತ್ತಲ್ಲ.”

ದೇವರ ಪ್ರೀತಿಯ ಮೇಲೆ ನಾನು ಕೇಳಿದ ಪ್ರಸಂಗಗಳು ಎಷ್ಟು, ಒಂದೊಂದೂ ಎಷ್ಟು ನಿಮಿಷ ನಡೆಯಿತು ಎಂಬುದೆಲ್ಲ ಡೈರಿಯಲ್ಲಿದೆ. ಎಣಿಸದೆ ಕಾಯುವವನೊಬ್ಬ ಇದ್ದಾನೆ ಎಂದು ಅವೆಲ್ಲ ಹೇಳಿರಬೇಕು. ಬರೆದುಕೊಳ್ಳುವ ಗಡಿಬಿಡಿಯಲ್ಲಿ ನನಗೆ ಕೇಳಿಸಿರಲಿಲ್ಲ.

ಪಾವಗಡಕ್ಕೆ ಹಿಂತಿರುಗಿ ಕೋಷ್ಟಕ ತೆರೆದರೆ, ಜೊಲ್ಲಿನಲ್ಲಿ ಶಾಯಿ ಕರಗಿ ಮೂರು ತಿಂಗಳ ಸೊನ್ನೆ ಯಾವುದು, ಕತ್ತರಿ ಯಾವುದು ತಿಳಿಯದಾಗಿತ್ತು. ಇಷ್ಟು ಕಷ್ಟಪಟ್ಟು ಇಟ್ಟ ಲೆಕ್ಕ! ಅಂಗಳದಲ್ಲಿ ಮೇಕೆ ನನ್ನ ಟವೆಲಿನ ಅಂಚು ಹಿಡಿದು ಜಗಿಯುತ್ತಿತ್ತು. ಅದನ್ನು ಎಳೆದುಕೊಳ್ಳುತ್ತಿದ್ದಾಗ ಜಗಲಿಯಿಂದ ಸುಂದರಮ್ಮನವರು, “ಸಮಾಧಾನ ಆಯ್ತಾ ನಾಯ್ನಾ?” ಎಂದರು.

ಯಾವ ಭಾಷೆಯಲ್ಲಿ ಕೇಳಿದರೋ ತಿಳಿಯಲಿಲ್ಲ. “ಆಯ್ತಮ್ಮ” ಎಂದೆ. ಎರಡಕ್ಕೂ ಸರಿಹೋಯಿತು.